ಅಳಿಸಿಹೋದ ಇನ್ನೂರರ ಗೆರೆ

ಎಚ್‌ಐವಿ ಸೋಂಕು ಖಚಿತವಾದರೂ ಒಂದು ಕಾಲಕ್ಕೆ ಮಾತ್ರೆ ಸಿಗುತ್ತಿರಲಿಲ್ಲ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದಾಗ, ರೋಗ ಉಲ್ಬಣಿಸದವರು ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಇಳಿಯುವ ತನಕ ಕಾಯಬೇಕಿತ್ತು. ಔಷಧಿ ದುಬಾರಿ, ಅಡ್ಡಪರಿಣಾಮವೂ ಹೆಚ್ಚು ಎಂಬ ಕಾರಣ ಸುಳ್ಳಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕೂಲಿಕಾರರಿಗೆ ಕಾಯುವುದೆಂದರೆ ದಿನದ ಪಗಾರ ಬಿಟ್ಟು, ಬಸ್ಸು ಹಿಡಿದು ಆಗಿನ ವಿಜಾಪುರಕ್ಕೆ ಹೋಗಿ, ಎಣಿಕೆ 300 ಇದೆಯೆಂದು ಬರಿಗೈಲಿ ಮರಳುವುದು. ಗುಳೆ ಹೋಗಿ ಬರುವಷ್ಟರಲ್ಲಿ ಕ್ಷಯ ಅಂಟಿರಲೂಬಹುದು.

ಮುಂದೆ ಗೆರೆ 350, 500 ಎಂದು ಏರಿತು. 2015ರ ‘ಸ್ಟಾರ್ಟ್’ ಅಧ್ಯಯನದಲ್ಲಿ, ಎಣಿಕೆ 500ರ ಮೇಲಿದ್ದಾಗಲೇ ಔಷಧಿ ತೊಡಗಿದವರಿಗೆ ಗಂಭೀರ ಕಾಯಿಲೆ, ಸಾವಿನ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. 2017ರಲ್ಲಿ ಭಾರತ ಗೆರೆಯನ್ನೇ ಅಳಿಸಿತು. ಈಗ ಎಣಿಕೆ ಎಷ್ಟಿದ್ದರೂ ಚಿಕಿತ್ಸೆ. ಕ್ಷಯ ಮಿದುಳುಪೊರೆಗೆ ತಗುಲಿದಂಥ ಸಂದರ್ಭದಲ್ಲಿ ಮಾತ್ರ ಕೆಲವು ವಾರ ತಡೆಯುತ್ತಾರೆ.