ಬೇತಾಳನ ತಿಂಗಳ ಕಂತು: ಕುಂದಾಣ ಸೀಮೆಯಿಂದ ಕಂಡ ಭಯದ ಓದಿನ ಚರಿತ್ರೆ

ತಿಂಗಳಿಗೊಂದು ಪುಸ್ತಕವನ್ನು ಗೊತ್ತುಮಾಡಿಕೊಂಡು, ಅದನ್ನು ಓದಿ ಬಂದವರು ಒಂದೆಡೆ ಕಲೆತು ಚರ್ಚಿಸುವ ಓದುಬಳಗಗಳು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ದೆವ್ವ, ಮಾಟ, ಕೊಲೆಗಳ ಸುತ್ತ ಹೆಣೆದ ಕಾದಂಬರಿಗಳಿಗೂ, ಚಿತ್ರಗಳ ಸಾಲಿನಲ್ಲಿಯೇ ಕಥೆಯನ್ನು ನಡೆಸುವ ಚಿತ್ರಕಾದಂಬರಿಗಳಿಗೂ ಇಂಥ ಬಳಗಗಳಲ್ಲಿ ಮೀಸಲಾದ ಓದುಗರಿದ್ದಾರೆ. ಇದು ಇಂಗ್ಲಿಷ್ ಓದಿನ ಬೆನ್ನುಹತ್ತಿ ಬಂದ ಮಹಾನಗರದ ಹವ್ಯಾಸವೆಂದು ಎಣಿಸುವುದು ರೂಢಿಯಾಗಿದೆ. ಆದರೆ ಗೊತ್ತಾದ ದಿನಕ್ಕೆ ಗುಂಪುಗೂಡಿ ಅಂಜಿಕೆ ಹುಟ್ಟಿಸುವ ಕಥೆಯನ್ನು ಓದುವ, ಓದಿಸಿ ಕೇಳುವ ಪದ್ಧತಿ ಕನ್ನಡದ ಹಳ್ಳಿಗಾಡಿನಲ್ಲಿ ಬಹುಕಾಲದಿಂದ ಬೇರುಬಿಟ್ಟಿದ್ದು, ಅಚ್ಚಿನ ಯುಗವು ಅದಕ್ಕೆ ಒದಗಿಸಿದ್ದು ಮುಖ್ಯವಾಗಿ ತಿಂಗಳ ಲೆಕ್ಕವನ್ನು ಮಾತ್ರ. ಕನ್ನಡದಲ್ಲಿ ಭಯದ ಕಥೆಗೆ ಈಗಿನ ರೂಪ ಬರುವಲ್ಲಿ ಬರಹಗಾರರ ಕಲ್ಪನೆಯಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿ, ಈ ಪಂಚಾಂಗದ ಪಾತ್ರವಿದೆ.

ಕನ್ನಡ ಪ್ರಕಾಶನದ ಚರಿತ್ರೆಗಳು ಧಾರವಾಡ, ಮೈಸೂರು, ಬೆಂಗಳೂರುಗಳ ಅಚ್ಚುಮನೆಗಳ ಒಳಗಿನಿಂದ ಬರೆದಂಥವು. ಪುಸ್ತಕ ತಯಾರಾಗುವ ಊರಿಗಿಂತ ಅದು ತಲಪುವ ಊರಿನಿಂದ ಈ ಸಂಗತಿಯನ್ನು ನೋಡಲು ದೇವನಹಳ್ಳಿ ತಾಲ್ಲೂಕಿನ ಕುಂದಾಣ ಅನುಕೂಲವಾದ ನೆಲೆ. ಬೆಟ್ಟದ ಮೇಲೆ ಕೋಟೆಯ ಅವಶೇಷಗಳನ್ನು ಉಳಿಸಿಕೊಂಡಿರುವ ಈ ಊರನ್ನು ಹೊಯ್ಸಳ ರಾಮನಾಥನ ರಾಜಧಾನಿಯಾದ ಕುಂದಾಣಿಯೊಂದಿಗೆ ಗುರುತಿಸಿದ ವಿದ್ವಾಂಸರಿದ್ದಾರೆ, ಹೊಸೂರಿನ ಕಡೆಯ ಕುಂದಾಣಿಯೇ ಅದೆಂದು ವಾದಿಸಿದವರೂ ಇದ್ದಾರೆ; ವಿವಾದ ಹೇಗೇ ಇರಲಿ, ಇಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಡಳಿತ ಭವನ ನಿಂತಿರುವುದು ಕುಂದಾಣ ಹೋಬಳಿಯ ಚಪ್ಪರಕಲ್ಲಿನ ಬಳಿಯಲ್ಲಿ. ದೇವನಹಳ್ಳಿ, ದೊಡ್ಡಬಳ್ಳಾಪುರಗಳೆರಡಕ್ಕೂ ಹತ್ತಿರವಿರುವ ಇಂಥ ಊರುಗಳಿಗೆ ಅಚ್ಚಾದ ಕಥೆ ಬಂದದ್ದು ಪೇಟೆಯಿಂದ. ಅದನ್ನು ಬರಮಾಡಿಕೊಂಡ ಓದಿನ ಅಭ್ಯಾಸ ಮಾತ್ರ ಊರಿನೊಳಗೇ ಇತ್ತು.

ಆ ಅಭ್ಯಾಸದ ಅತ್ಯಂತ ಸ್ಪಷ್ಟವಾದ ರೂಪ ಶನಿಮಹಾತ್ಮೆಯ ಪಾರಾಯಣ. ಹಳೆಯ ಮೈಸೂರು ಸೀಮೆಯಲ್ಲಿ, ವಿಶೇಷವಾಗಿ ಶ್ರಾವಣದ ಶನಿವಾರಗಳಂದು, ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತ, ಇನ್ನೊಬ್ಬರು ಅದರ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸುತ್ತ, ಕೂಡಿದವರು ರಾತ್ರಿಯೆಲ್ಲ ಕೇಳುವ ಈ ಕ್ರಮಕ್ಕೆ ಬೆಂಗಳೂರು ಗ್ರಾಮಾಂತರದಲ್ಲಿ ಗಟ್ಟಿಯಾದ ನೆಲೆಯಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಕ್ಕಮಧುರೆಯ ಶನಿಮಹಾತ್ಮ ದೇವಾಲಯ ಈ ಭಾಗದ ಹೆಸರಾಂತ ಯಾತ್ರಾಸ್ಥಳಗಳಲ್ಲೊಂದು. ಕಥೆಯನ್ನು ನಡುವೆ ಬಿಟ್ಟು ಏಳಬಾರದು, ಮಂಗಳವಾಗುವ ತನಕ ಕೂತು ಕೇಳಬೇಕು ಎಂಬ ನಂಬಿಕೆ ಕೇಳುಗರನ್ನು ಹಿಡಿದಿಡುತ್ತದೆ. ಕಥೆಯೂ ಸೌಮ್ಯವಾದದ್ದಲ್ಲ. ಶನಿಯನ್ನು ಹಗುರವಾಗಿ ಆಡಿಕೊಂಡ ಉಜ್ಜಯಿನಿಯ ವಿಕ್ರಮರಾಜ ರಾಜ್ಯಭ್ರಷ್ಟನಾಗಿ ಪರವೂರಿನ ವರ್ತಕನ ಮನೆ ಸೇರುತ್ತಾನೆ; ಅಲ್ಲಿ ಚಿತ್ರದ ಹಂಸವೊಂದು ಜೀವ ತಳೆದು ಮುತ್ತಿನ ಹಾರವನ್ನು ಅವನ ಕಣ್ಣೆದುರೇ ನುಂಗಿಬಿಡುತ್ತದೆ; ಕಳವಿನ ಆಪಾದನೆ ಹೊತ್ತ ಅರಸನ ಕೈಕಾಲುಗಳನ್ನು ಕಡಿಸಲಾಗುತ್ತದೆ; ಮುಂದೆ ಅವನು ಎಣ್ಣೆಯ ಗಾಣದಲ್ಲಿ ಕೂತು ಎತ್ತು ಹೊಡೆಯುತ್ತ ದಿನ ದೂಡುತ್ತಾನೆ. ನಿರಪರಾಧಿಯ ಮೇಲೆ ಬೀಳುವ ಕಳ್ಳತನದ ಆರೋಪ, ಯಾರೂ ನಂಬಲಾರದ ಸಾಕ್ಷ್ಯ, ಅಂಗಚ್ಛೇದ, ಏಳೂವರೆ ವರ್ಷಗಳ ಅಜ್ಞಾತವಾಸ ಎಂಬ ಈ ಸರಕೆಲ್ಲವೂ ಮುಂದಿನ ರೋಚಕ ಕಾದಂಬರಿಗಳಿಗೆ ಬೇಕಾದದ್ದೇ ಆಗಿದ್ದರೂ, ಅದನ್ನು ಕೇಳುವುದು ಪುಣ್ಯದ ಕೆಲಸವಾಗಿದ್ದುದರಿಂದ ಯಾವ ಹಿರಿಯರೂ ಮಕ್ಕಳನ್ನು ಅಲ್ಲಿಂದ ಎಬ್ಬಿಸಿ ಕಳಿಸುತ್ತಿರಲಿಲ್ಲ.

ಭಯಕ್ಕೆ ಹೀಗೆ ಧರ್ಮದ ರಹದಾರಿ ಪಡೆಯುವುದು ಕನ್ನಡದ ಹಳೆಯ ಕಾವ್ಯಕ್ಕೂ ಪರಿಚಿತವಾದ ಉಪಾಯ. ನವರಸಗಳಲ್ಲಿ ಭಯಾನಕವನ್ನೇ ಪ್ರಧಾನ ರಸವಾಗಿ ಇಟ್ಟುಕೊಂಡ ಕಾವ್ಯ ಸಿಗುವುದು ಕಷ್ಟ. ಆದರೆ ಹೊಯ್ಸಳರ ಆಸ್ಥಾನದ ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಚಂಡಮಾರಿಯ ಗುಡಿಗೆ ಬಲಿಗೆಂದು ಎಳೆತಂದ ಅಣ್ಣತಂಗಿಯರಿಂದ ಆರಂಭವಾಗಿ, ಕೇಳುವವನ ಎದೆ ನಡುಗಿದ ಮೇಲೆಯೇ ಅಹಿಂಸೆಯ ಬೋಧೆಗೆ ಹೊರಳುತ್ತದೆ. ಬೋಧೆಗಾಗಿ ಭಯ ಬಂತೋ, ಭಯವನ್ನು ಹೇಳುವ ಆಸೆಯಿಂದ ಬೋಧೆ ಬಂತೋ ಎಂಬ ಸಂಶಯ ಜನ್ನನ ಮಾರಿಗುಡಿಯ ವರ್ಣನೆಯನ್ನು ಓದಿದ ಯಾರಿಗಾದರೂ ಬರಬಹುದು.

ತಿಂಗಳಿಗೊಮ್ಮೆ ಕಥೆ ಎಂಬ ಏರ್ಪಾಟು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಕಾದಂಬರಿಯೆಂಬ ಪ್ರಕಾರದ ಜೊತೆಜೊತೆಗೇ ಬೆಳೆಯಿತು. ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ಹಿಂದೆಯೇ ಬಂದ ಗಳಗನಾಥರು 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಕಂತಿನ ಓದನ್ನು ಉತ್ತರ ಕರ್ನಾಟಕದ ಮನೆಮನೆಗೆ ಮುಟ್ಟಿಸಿದರು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಓದುಗರಿಂದ ಮುಂಗಡವಾಗಿ ಚಂದಾ ಪಡೆದು ವರ್ಷವಿಡೀ ಪುಸ್ತಕಗಳನ್ನು ಕಳಿಸಿಕೊಡುವ ವ್ಯವಸ್ಥೆಯನ್ನು ನೆಲೆಗೊಳಿಸಿತು. ಇವುಗಳಲ್ಲಿ ಯಾವುದೂ ದೆವ್ವದ ಕಥೆಯ ಮಾಲೆಯಲ್ಲವಾದರೂ, ಮುಂದಿನದು ಯಾವಾಗ ಬರುತ್ತದೆಂದು ಮೊದಲೇ ತಿಳಿದು ಕಾಯುವ ಓದುಗವರ್ಗವೊಂದು ಹುಟ್ಟಿಕೊಂಡದ್ದು ಇವುಗಳಿಂದಲೇ.

ಕಾಯುವಿಕೆಯನ್ನೇ ಕಥೆಯ ಯಂತ್ರವಾಗಿಸಿದ್ದು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಮುಂದೆ ಕನ್ನಡದಲ್ಲೂ ಬಂತು. ಮರದಿಂದ ಶವವನ್ನಿಳಿಸಿ ಹೆಗಲಿಗೆ ಹಾಕಿಕೊಂಡು ಸ್ಮಶಾನದತ್ತ ನಡೆಯುವ ವಿಕ್ರಮ, ಶವದೊಳಗಿಂದ ಕಥೆ ಹೇಳಿ ಪ್ರಶ್ನೆ ಕೇಳುವ ಬೇತಾಳ, ಉತ್ತರ ಬಂದೊಡನೆ ಮೌನ ಮುರಿಯಿತೆಂದು ಮತ್ತೆ ಮರಕ್ಕೆ ಹಾರುವ ಕ್ರಮ ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿಯೂ ಇರುವಂಥದು. ಅಲ್ಲಿ ಇಪ್ಪತ್ತೈದಕ್ಕೆ ಮುಗಿಯುವ ಕಥೆಗಳು ಪತ್ರಿಕೆಗೆ ಸಾಲಲಿಲ್ಲ. ತಿಂಗಳು ತಿಂಗಳೂ ಬೇತಾಳ ಬೇಕಾಗಿದ್ದುದರಿಂದ ಚಂದಮಾಮದ ಬರಹಗಾರರು ಹಳೆಯ ಚೌಕಟ್ಟಿನೊಳಗೆ ನೂರಾರು ಹೊಸ ಕಥೆಗಳನ್ನು ಕೂರಿಸಿ ದಶಕಗಟ್ಟಲೆ ನಡೆಸಿದರು. ಕೆ. ಸಿ. ಶಿವಶಂಕರರು ಬರೆದ ಚಿತ್ರದಲ್ಲಿ ಖಡ್ಗ ಹಿಡಿದು ಹೆಜ್ಜೆಯಿಡುವ ಅರಸನೂ ಅವನ ಹೆಗಲ ಮೇಲಿನ ಶವವೂ ಅಕ್ಷರ ಬಾರದ ಮಕ್ಕಳಿಗೂ ಗುರುತಾದವು. ಶ್ರಾವಣದ ರಾತ್ರಿಗಳಲ್ಲಿ ಗಾಣದ ಮೇಲೆ ಕೂತಿದ್ದ ಅದೇ ವಿಕ್ರಮ ಇಲ್ಲಿ ಸ್ಮಶಾನದ ದಾರಿ ಹಿಡಿದಿದ್ದನಾದ್ದರಿಂದ ಹಳ್ಳಿಯ ಓದುಗರಿಗೆ ಆತನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿರಲಿಲ್ಲ.

ಭಯವನ್ನು ಮುಗಿಸದೆ ಮುಂದೂಡುವ ಈ ಉಪಾಯ ಪತ್ರಿಕೆಗಳ ಹೊರಗೂ ಕಾಣುತ್ತದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳ ಮನೆಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆಯುವ ರೂಢಿ ಹಬ್ಬಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವವು ಈ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹವನ್ನು ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂದು ಊರಿಗೂರೇ ಒಪ್ಪಿಕೊಂಡಿದ್ದ ಈ ಸಂಗತಿ ಸಾಕ್ಷರತೆಯ ಚರಿತ್ರೆ ಬರೆದವರ ಗಮನಕ್ಕೆ ಬಂದಂತಿಲ್ಲ.

ದೊಡ್ಡವರ ಓದಿನಲ್ಲಿ ಬೇತಾಳನ ಜಾಗವನ್ನು ತುಂಬಿದವನು ಪತ್ತೇದಾರ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1950ರ ದಶಕದಿಂದ ಆರಂಭಿಸಿ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಕಥಾನಾಯಕನಾಗಿ ಪಡೆದ ಜನಪ್ರೀತಿ ಅನೇಕ ಗಂಭೀರ ಲೇಖಕರ ಪಾತ್ರಗಳಿಗೆ ಒದಗಲಿಲ್ಲ. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಹೋರಾಟಗಾರ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳ ಬರಹಗಾರರೇ ಆಗಿದ್ದರೆಂಬುದನ್ನು ಬಾವುಟ ಹಾರಿಸುವವರು ನೆನೆಯುವುದು ಕಡಿಮೆ. ಈ ಬಗೆಯ ಕಾದಂಬರಿಗಳಲ್ಲಿ ಪಾಳುಬಂಗಲೆ, ಮಧ್ಯರಾತ್ರಿಯ ಚೀತ್ಕಾರ, ಬಿಳಿಯ ಆಕೃತಿಗಳೆಲ್ಲ ಧಾರಾಳವಾಗಿ ಬರುತ್ತವಾದರೂ, ಕೊನೆಯ ಅಧ್ಯಾಯದಲ್ಲಿ ದೆವ್ವದ ಮುಸುಕಿನೊಳಗಿಂದ ಆಸ್ತಿಗೆ ಆಸೆಪಟ್ಟ ನೆಂಟನೋ ಕಳ್ಳಸಾಗಣೆಯವನೋ ಹೊರಬೀಳುವುದು ವಾಡಿಕೆ. ವಿಮರ್ಶಕರು ಅಗ್ಗದ ಸರಕೆಂದು ಬದಿಗಿಟ್ಟ ಈ ಪುಸ್ತಕಗಳು, ಕಂಡದ್ದನ್ನೆಲ್ಲ ನಂಬದೆ ಕಾರಣವನ್ನು ಹುಡುಕಬೇಕೆಂಬ ಪಾಠವನ್ನು ವಿಚಾರವಾದದ ಭಾಷಣಗಳಿಗಿಂತ ದೂರಕ್ಕೆ ಒಯ್ದವೆಂದು ಹೇಳಿದರೆ ಅತಿಶಯವಾಗಲಾರದು.

ಇವು ಓದುಗರ ಕೈಗೆ ಸಿಗುತ್ತಿದ್ದುದು ಹೆಚ್ಚಾಗಿ ಬಾಡಿಗೆಗೆ. ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಕರೆಯುತ್ತಿದ್ದ ಪೇಟೆಯ ಸಣ್ಣ ಅಂಗಡಿಗಳಲ್ಲಿ ಒಂದಿಷ್ಟು ಠೇವಣಿಯಿಟ್ಟು, ದಿನಕ್ಕಿಷ್ಟೆಂದು ಬಾಡಿಗೆ ತೆತ್ತು ಪುಸ್ತಕವನ್ನು ಒಯ್ಯುವ ಪದ್ಧತಿಯಿದ್ದು, ದಿನ ಹೆಚ್ಚಿದಂತೆ ಬಾಡಿಗೆಯೂ ಏರುತ್ತಿದ್ದುದರಿಂದ ಒಂದೇ ರಾತ್ರಿಗೆ ಮುಗಿಯುವ ಗಾತ್ರ, ಬಿಡದೆ ಓದಿಸುವ ವೇಗ, ಪ್ರತಿ ಅಧ್ಯಾಯದ ತುದಿಯಲ್ಲಿ ಒಂದು ಗಂಡಾಂತರ ಎಂಬ ಗುಣಗಳಿಗೆ ಈ ವ್ಯಾಪಾರದಲ್ಲಿ ನೇರವಾದ ಬೆಲೆಯಿತ್ತು.

ಚಿತ್ರಕಥೆಯ ಚರಿತ್ರೆಯಲ್ಲಿ ಬೆಂಗಳೂರಿನ ಸ್ಥಾನ ಇನ್ನೂ ಮುಖ್ಯವಾದದ್ದು. 1964ರಲ್ಲಿ ಮುಂಬಯಿಯಿಂದ ಬರತೊಡಗಿದ ಇಂದ್ರಜಾಲ ಕಾಮಿಕ್ಸ್, ಸಾವಿಲ್ಲದವನೆಂದು ಕಾಡಿನವರು ನಂಬುವ ಮುಖವಾಡದ ಫ್ಯಾಂಟಮ್‌ನನ್ನು ಭಾರತೀಯ ಭಾಷೆಗಳಿಗೆ ತಂದಿತು. ತಲೆಮಾರಿನಿಂದ ತಲೆಮಾರಿಗೆ ಮಗನೇ ತಂದೆಯ ಮುಖವಾಡ ಧರಿಸುವನೆಂಬ ಗುಟ್ಟು ಓದುಗರಿಗೆ ಮಾತ್ರ ಗೊತ್ತು. ಮರುವರ್ಷ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರು ಪಾಶ್ಚಾತ್ಯ ಕಿನ್ನರಕಥೆಗಳ ಹತ್ತು ಚಿತ್ರಪುಸ್ತಕಗಳನ್ನು ‘ಅಮರ ಚಿತ್ರ ಕಥೆ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಹೊರತಂದರು. ಮುಂದೆ ಕಾರ್ಕಳ ಮೂಲದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ಕ್ಕೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಈ ಕಾರಣದಿಂದಲೇ. ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಥಾಮಾಲೆಯ ಮೊದಲ ಹತ್ತು ಹೆಜ್ಜೆಗಳು ಕನ್ನಡದವೆಂಬುದು ಕನ್ನಡಿಗರಿಗೇ ಅಷ್ಟಾಗಿ ತಿಳಿಯದೆ ಹೋಗಿದೆ.

ಪತ್ತೇದಾರನಿಗೆ ಬಗ್ಗದ ದೆವ್ವ ಮತ್ತೆ ಕಾದಂಬರಿಗೆ ಬಂದದ್ದು 1980ರ ದಶಕದಲ್ಲಿ, ಅದೂ ತೆಲುಗಿನ ಬಾಗಿಲಿನಿಂದ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವು ಮಗುವೊಂದರ ಮೇಲಿನ ಮಾಟವನ್ನು ವೈದ್ಯಶಾಸ್ತ್ರದ ವಿವರಗಳ ಪಕ್ಕದಲ್ಲಿಟ್ಟು, ಯಾವುದು ನಿಜವೆಂಬ ತೀರ್ಪನ್ನು ಓದುಗರ ಪಾಲಿಗೆ ಬಿಟ್ಟಿತು. ಕನ್ನಡದಲ್ಲಿ ಅದು ಅನುವಾದವಾಗಿಯೂ 1985ರಲ್ಲಿ ಚಲನಚಿತ್ರವಾಗಿಯೂ ಬಂತು. ಮೂಢನಂಬಿಕೆಗೆ ನೀರೆರೆಯುತ್ತದೆಂಬ ಆಕ್ಷೇಪವೂ ಜೊತೆಗೇ ಬಂತು. ‘ಹಾಯ್ ಬೆಂಗಳೂರು’ ಪತ್ರಿಕೆಯ ರವಿ ಬೆಳಗೆರೆಯವರ ‘ಮಾಟಗಾತಿ’, ‘ಸರ್ಪಸಂಬಂಧ’ಗಳು ಇದೇ ದಾರಿಯಲ್ಲಿ ಮುಂದೆ ಸಾಗಿದವು. ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಶಾಸನ, ಶಿಲ್ಪ, ನಿಧಿಗಳ ಸುತ್ತ ರೋಚಕತೆಯನ್ನು ಕಟ್ಟಿ ಬೇರೆಯೇ ಓದುಗರನ್ನು ಗಳಿಸಿದರು. ಮಾಟದ ಹೆಸರಿನ ಅಮಾನವೀಯ ಆಚರಣೆಗಳನ್ನು ತಡೆಯಲು ಕರ್ನಾಟಕವು 2017ರಲ್ಲಿ ಕಾಯ್ದೆಯನ್ನೇ ಮಾಡಿತು. ಅದರ ಗುರಿ ಆಚರಣೆಯೇ ಹೊರತು ಕಾದಂಬರಿಯಲ್ಲ.

ಈ ಸಾಹಿತ್ಯದ ದೊಡ್ಡ ಪಾಲು ಸಾರ್ವಜನಿಕ ಗ್ರಂಥಾಲಯದ ಕಪಾಟಿಗೆ ಸೇರಲೇ ಇಲ್ಲವೆಂಬುದು ಇಂದಿನ ಓದುಬಳಗಗಳಿಗೆ ತೊಡಕಾಗಿರುವ ಸಂಗತಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಆರಂಭವಾದ ಜಾಲವು ಕ್ರಮೇಣ ಗ್ರಾಮ ಪಂಚಾಯಿತಿಗಳವರೆಗೆ ಹರಡಿತು. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮರುವರ್ಷದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳನ್ನು ಒಳಗೆ ಕರೆತರುವ ಪ್ರಯತ್ನ ನಡೆಯಿತು. ಕಿಸೆಗಾತ್ರದ, ಪಿನ್ನು ಹೊಡೆದ ಪತ್ತೇದಾರಿ ಪುಸ್ತಕಗಳು ಇಂಥ ಗ್ರಂಥಾಲಯಗಳ ಖರೀದಿಗೆ ಯೋಗ್ಯವೆನಿಸಲಿಲ್ಲ, ಟಿ.ವಿ. ಬಂದ ಮೇಲೆ ಬಾಡಿಗೆಯ ಅಂಗಡಿಗಳೂ ಒಂದೊಂದಾಗಿ ಮುಚ್ಚಿದವು. ಬಳಗವೊಂದು ನರಸಿಂಹಯ್ಯನವರ ಹಳೆಯ ಕಾದಂಬರಿಯೊಂದನ್ನು ತಿಂಗಳ ಪುಸ್ತಕವಾಗಿ ಆರಿಸಿಕೊಂಡರೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದರ ಒಂದು ಪ್ರತಿ ಸಿಕ್ಕೀತು, ಸದಸ್ಯರಿಗೆಲ್ಲ ಸಾಲುವಷ್ಟು ಸಿಗುವುದು ದುರ್ಲಭ. ಆಗ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದೊಂದೇ ಅವರಿಗೆ ಉಳಿಯುವ ದಾರಿ.