ಬಿಚ್ಚಿ ತಂದ ಮರದ ಬೆಟ್ಟ

1985ರ ಮೊದಲ ತಿಂಗಳುಗಳು. ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ಊರು. ನಾಲ್ಕೈದು ವರ್ಷದಿಂದ ಬೀಗ ಬಿದ್ದಿದ್ದ ಪ್ಲೇಲ್ಯಾಂಡ್ ಅನ್ನೋ ಪಾರ್ಕಿನೊಳಗೆ ಒಂದಷ್ಟು ಕೆಲಸಗಾರರು ಮರದ ತುಂಡುಗಳಿಗೆ ನಂಬರು ಹಾಕುತ್ತಾ ಇದ್ದರು. ಕಂಬಕ್ಕೊಂದು ನಂಬರು, ಅಡ್ಡಪಟ್ಟಿಗೊಂದು ನಂಬರು, ಓರೆಪಟ್ಟಿಗೊಂದು ನಂಬರು. ಹಾಕಿದ್ದನ್ನೆಲ್ಲ ಪಟ್ಟಿಯಲ್ಲಿ ಬರೆದುಕೊಂಡು, ಆಮೇಲೆ ಬಿಚ್ಚಿ, ಲಾರಿಗೆ ತುಂಬಿಸಿ, ಎರಡೂವರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಪೆನ್ಸಿಲ್ವೇನಿಯಾದ ಒಂದು ಹಳ್ಳಿಗೆ ಕಳಿಸಬೇಕಿತ್ತು.

ಹಾಗೆ ಹೊರಟಿದ್ದು ಒಂದು ರೋಲರ್ ಕೋಸ್ಟರ್. 78 ಅಡಿ ಎತ್ತರ, 3,200 ಅಡಿ ಉದ್ದ. ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಹಳಿ, ಎಲ್ಲ ಮರದ್ದು. ತೊಂದರೆ ಏನಂದ್ರೆ, ಅದರ ನಕ್ಷೆ ಯಾರ ಹತ್ತಿರಾನೂ ಇರಲಿಲ್ಲ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡನ್ನು ಹೊಸ ಸರ್ವರಿಗೆ ಸಾಗಿಸಿದವರಿಗೆ ಈ ಸಂಕಟ ಅರ್ಥ ಆಗುತ್ತೆ. ಬರೆದಿಟ್ಟಿದ್ದು ಏನೂ ಇಲ್ಲ, ಓಡುತ್ತಿದ್ದ ವಸ್ತುವೇ ಅದರ ಏಕೈಕ ದಾಖಲೆ. ಒಂದು ಸಲ ಬಿಚ್ಚಿದರೆ ಆ ದಾಖಲೆಯೂ ಹೋಯಿತು. ಅದಕ್ಕೇ ನಂಬರು.

ಮರದ ಕೋಸ್ಟರ್ ಯಾಕೆ ಇಷ್ಟು ತಲೆನೋವು ಅನ್ನೋದನ್ನು ಸ್ವಲ್ಪ ನೋಡೋಣ. ಮಂಚ ಬಿಚ್ಚಿ ಜೋಡಿಸಿದ ಹಾಗಲ್ಲ ಇದು. ಹಳಿಯನ್ನು ಹೊರುವ ಚೌಕಟ್ಟುಗಳು ಕೆಲವೇ ಅಡಿಗೊಂದರಂತೆ ಸಾಲಾಗಿ ನಿಂತಿರುತ್ತವೆ. ಹಳಿ ಏರಿಳಿಯುವುದರಿಂದ ಪ್ರತಿ ಚೌಕಟ್ಟಿನ ಎತ್ತರ ಪಕ್ಕದ್ದಕ್ಕಿಂತ ಬೇರೆ. ತಿರುವಿನಲ್ಲಿ ಓರೆಯೂ ಬೇರೆ. ಅಂದರೆ ಸಾವಿರಾರು ತುಂಡುಗಳು, ನೋಡೋಕೆ ಒಂದೇ ಥರ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರೋದಿಲ್ಲ. ಅದರ ಮೇಲೆ ಹಳಿ. ಹಲಗೆಗಳನ್ನು ಒಂದರ ಮೇಲೊಂದು ಪದರವಾಗಿ ಮೊಳೆ ಹೊಡೆದು ಕೂರಿಸಿ, ಮೇಲಿಂದ ತೆಳುವಾದ ಉಕ್ಕಿನ ಪಟ್ಟಿ ಹಾಸುತ್ತಾರೆ. ಚಕ್ರ ಓಡೋದು ಆ ಪಟ್ಟಿಯ ಮೇಲೆ. ಗಾಡಿ ಹಾದುಹೋಗುವಾಗ ಇಡೀ ಕಟ್ಟಡ ಸಣ್ಣಗೆ ಓಲಾಡುತ್ತೆ. ಹೊಸಬರು ನೋಡಿ ಹೆದರುತ್ತಾರೆ. ಆದರೆ ಅದು ಓಲಾಡಲೇಬೇಕು. ಬಗ್ಗದ ಮರ ಸೀಳುತ್ತೆ.

ಇಷ್ಟು ಕಷ್ಟಪಟ್ಟು ತರುವಂಥದ್ದು ಅದರಲ್ಲೇನಿತ್ತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ರೋಲರ್ ಕೋಸ್ಟರಿನ ಅಜ್ಜನ ಮನೆ ರಷ್ಯಾ. ಅಲ್ಲಿ ಚಳಿಗಾಲದಲ್ಲಿ ಮರದ ದಿಬ್ಬ ಕಟ್ಟಿ, ಮೇಲೆ ನೀರು ಸುರಿದು ಮಂಜುಗಡ್ಡೆ ಮಾಡಿ ಜಾರುತ್ತಿದ್ದರು. ಫ್ರೆಂಚರು ಇವತ್ತಿಗೂ ಕೋಸ್ಟರಿಗೆ ‘ರಷ್ಯದ ಬೆಟ್ಟಗಳು’ ಅಂತಾರೆ. ಅಮೆರಿಕದಲ್ಲಿ ಇದು ಶುರುವಾದ ಕಥೆ ಬೇರೆ. ಅಲ್ಲಿ ಮೊದಲು ಜಾರಿದ್ದು ಮನುಷ್ಯರಲ್ಲ, ಕಲ್ಲಿದ್ದಲು. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬ ಊರಲ್ಲಿ 1827ರಲ್ಲಿ ಗಣಿಯಿಂದ ಕಲ್ಲಿದ್ದಲನ್ನು ಕೆಳಗಿಳಿಸೋಕೆ ಒಂದು ರೈಲುಹಳಿ ಹಾಕಿದರು. ಎಂಜಿನ್ ಇಲ್ಲ, ಇಳಿಜಾರೇ ಎಂಜಿನ್. ಬರಬರುತ್ತಾ ಜನ ದುಡ್ಡು ಕೊಟ್ಟು ಅದರಲ್ಲಿ ಕೂತು ಜಾರೋಕೆ ಶುರುಮಾಡಿದರು. ಮುಂದೆ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಸಮುದ್ರ ದಂಡೆಯಲ್ಲಿ ಲಾಮಾರ್ಕಸ್ ಥಾಂಪ್ಸನ್ ಒಂದು ಮರದ ಹಳಿ ಕಟ್ಟಿ ತಲೆಗೆ ಐದು ಸೆಂಟ್ ವಸೂಲಿ ಮಾಡಿದ. ಗಾಡಿಯ ವೇಗ ಗಂಟೆಗೆ ಆರು ಮೈಲಿ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವೇಗ ಅಂದ್ಕೊಳ್ಳಿ. ಜನ ಆದರೂ ಮುಗಿಬಿದ್ದರು.

ಆಟವನ್ನು ನಿಜವಾಗಿ ಬದಲಾಯಿಸಿದ್ದು ಜಾನ್ ಮಿಲ್ಲರ್. ಹಳಿಯ ಮೇಲೆ ಚಕ್ರ ಇದ್ದರೆ ಸಾಲದು, ಹಳಿಯ ಅಡಿಗೂ ಒಂದು ಚಕ್ರ ಇರಲಿ ಅಂದ. ಆಗ ಗಾಡಿ ಎಷ್ಟೇ ಎಗರಿದರೂ ಹಳಿ ಬಿಟ್ಟು ಹೋಗಲ್ಲ. ಇದಕ್ಕೆ 1919ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ದಿಬ್ಬಗಳು ಕಡಿದಾದವು, ಗಾಡಿಗಳು ವೇಗವಾದವು. 1920ರ ದಶಕ ಮರದ ಕೋಸ್ಟರುಗಳ ಸುವರ್ಣಯುಗ. ನಂತರ ಆರ್ಥಿಕ ಕುಸಿತ, ಯುದ್ಧ, ಕಾರು, ಟಿವಿ. ಊರೂರಿನ ಸಣ್ಣ ಪಾರ್ಕುಗಳು ಒಂದೊಂದೇ ಮುಚ್ಚಿದವು. 1959ರಲ್ಲಿ ಡಿಸ್ನಿಲ್ಯಾಂಡ್ ಉಕ್ಕಿನ ಕೊಳವೆಗಳ ಹಳಿಯ ಮೇಲೆ ಕೋಸ್ಟರ್ ಓಡಿಸಿದ ಮೇಲೆ ಮರದ್ದು ಹಳೇ ಕಾಲದ್ದು ಅನ್ನಿಸಿಕೊಂಡಿತು. ಮುಚ್ಚಿದ ಪಾರ್ಕಿನ ಕೋಸ್ಟರಿಗೆ ಸಾಮಾನ್ಯವಾಗಿ ಎರಡೇ ದಾರಿ: ಬುಲ್ಡೋಜರ್ ಅಥವಾ ಬೆಂಕಿ.

ಸ್ಯಾನ್ ಆಂಟೋನಿಯೋದ ಕೋಸ್ಟರ್ ಹೆಸರು ರಾಕೆಟ್. ಫಿಲಡೆಲ್ಫಿಯಾ ಟೊಬಾಗನ್ ಕಂಪನಿಯ ಹರ್ಬರ್ಟ್ ಶ್ಮೆಕ್ ಅದರ ವಿನ್ಯಾಸಕ. 1947–48ರ ಸುಮಾರಿಗೆ ಕಟ್ಟಿದ್ದು, 1980ರಲ್ಲಿ ಪಾರ್ಕಿನ ಜೊತೆಗೇ ನಿಂತುಹೋಗಿತ್ತು. ಅದನ್ನು ಕೊಂಡವರು ಪೆನ್ಸಿಲ್ವೇನಿಯಾದ ಎಲಿಸ್‌ಬರ್ಗ್‌ನ ಕನೋಬೆಲ್ಸ್ ಪಾರ್ಕಿನವರು. 1926ರಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ ಪಾರ್ಕ್ ಅದು. ಮರಗಳ ನೆರಳಲ್ಲಿದೆ, ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಆಟಕ್ಕೆ ಮಾತ್ರ ದುಡ್ಡು. ಬಿಚ್ಚಿ ತಂದು ಕಟ್ಟುವ ಕೆಲಸದ ಉಸ್ತುವಾರಿ ಚಾರ್ಲ್ಸ್ ಡಿನ್ ಅವರದ್ದು. 1979ರಲ್ಲಿ ಒಹಾಯೋದ ಕಿಂಗ್ಸ್ ಐಲ್ಯಾಂಡ್ ಪಾರ್ಕಿನಲ್ಲಿ ‘ದ ಬೀಸ್ಟ್’ ಕಟ್ಟಿಸಿದವರು. ಇವತ್ತಿಗೂ ಜಗತ್ತಿನ ಅತಿ ಉದ್ದದ ಮರದ ಕೋಸ್ಟರ್ ಅದೇ.

1985ರ ಜೂನ್ 15ರಂದು ರಾಕೆಟ್ ಹೊಸ ಊರಲ್ಲಿ ಓಡಿತು. ಹೊಸ ಹೆಸರು ಫೀನಿಕ್ಸ್, ಬೂದಿಯಿಂದ ಎದ್ದು ಬರುವ ಹಕ್ಕಿ. ಎಲಿಸ್‌ಬರ್ಗ್ ಇರೋದು ಕಲ್ಲಿದ್ದಲ ಸೀಮೆಯ ಅಂಚಿನಲ್ಲಿ. ಮಾಕ್ ಚಂಕ್ ಕೂಡ ಅದೇ ಸೀಮೆಯದ್ದು. ಕಲ್ಲಿದ್ದಲು ಜಾರಿಸೋಕೆ ಹುಟ್ಟಿದ ಆಟ, ಟೆಕ್ಸಸ್ ಸುತ್ತಾಡಿ ಹುಟ್ಟೂರಿನ ಪಕ್ಕಕ್ಕೇ ಬಂದ ಹಾಗಾಯಿತು.

ಫೀನಿಕ್ಸ್ ದೊಡ್ಡ ಕೋಸ್ಟರ್ ಏನಲ್ಲ. ಗಂಟೆಗೆ 45 ಮೈಲಿ, ಅಂದರೆ 72 ಕಿಲೋಮೀಟರ್. ನೈಸ್ ರಸ್ತೆಯಲ್ಲಿ ಅದಕ್ಕಿಂತ ಜೋರಾಗಿ ಕ್ಯಾಬ್ ಹೋಗುತ್ತೆ. ಆದರೂ ಅಮೆರಿಕದ ‘ಅಮ್ಯೂಸ್‌ಮೆಂಟ್ ಟುಡೇ’ ಪತ್ರಿಕೆಯ 2018ರ ಗೋಲ್ಡನ್ ಟಿಕೆಟ್ ಪ್ರಶಸ್ತಿಯಲ್ಲಿ ಮರದ ಕೋಸ್ಟರುಗಳ ಮೊದಲ ಸ್ಥಾನ ಇದಕ್ಕೇ. ಮರುವರ್ಷವೂ ಇದಕ್ಕೇ. ಕಾರಣ ಅದರ ದಿಬ್ಬಗಳ ಬಾಗು. ಕಲ್ಲೊಂದನ್ನು ಎಸೆದರೆ ಗಾಳಿಯಲ್ಲಿ ಒಂದು ಕಮಾನು ಬರೆಯುತ್ತಲ್ಲ, ದಿಬ್ಬದ ಬಾಗು ಅದಕ್ಕಿಂತ ಕೂದಲೆಳೆ ಕಡಿದಾಗಿದ್ದರೆ, ಹಳಿ ಕೆಳಗಿಳಿದರೂ ನಮ್ಮ ದೇಹ ಮೇಲಕ್ಕೇ ಹೋಗೋಕೆ ನೋಡುತ್ತೆ. ಸೀಟಿನಿಂದ ಎದ್ದುಬಿಡ್ತೀವಿ. ತೊಡೆಯ ಮೇಲಿನ ಹಳೇ ಮಾದರಿಯ ಕಂಬಿ ಒಂದಿಷ್ಟು ಜಾಗ ಬಿಟ್ಟೇ ನಿಲ್ಲುವುದರಿಂದ ಆ ತೇಲುವಿಕೆ ಪೂರ್ತಿ ಸಿಗುತ್ತೆ. ಬಾಗು ಸ್ವಲ್ಪ ತಪ್ಪಿದರೂ ಮಜಾ ಹೋಗಿ ಬರೀ ಸೊಂಟನೋವು ಉಳಿಯುತ್ತೆ. ಟೆಕ್ಸಸ್‌ನಿಂದ ಲಾರಿಯಲ್ಲಿ ಬಂದ ಮರಕ್ಕಿಂತ, ಆ ನಂಬರುಗಳ ಪಟ್ಟಿಯಲ್ಲಿ ಬಂದ ಬಾಗು ಬೆಲೆಬಾಳುವಂಥದ್ದು.

ಇದು ಸುಮ್ಮನೆ ಹೇಳಿದ್ದಲ್ಲ. ಮರದ ಕೋಸ್ಟರಿನಲ್ಲಿ ಮರ ಶಾಶ್ವತ ಅಲ್ಲವೇ ಅಲ್ಲ. ಮಳೆ, ಹಿಮ, ಬಿಸಿಲು, ಮೇಲಿಂದ ಗಾಡಿಯ ಹೊಡೆತ. ಪ್ರತಿ ಚಳಿಗಾಲದಲ್ಲಿ ಸವೆದ ಹಳಿಯ ಭಾಗ ಕಿತ್ತು ಹೊಸ ಹಲಗೆ ಹಾಕುತ್ತಾರೆ. ಪಾರ್ಕ್ ತೆರೆಯುವ ಮೊದಲು, ದಿನಾ ಬೆಳಿಗ್ಗೆ ಒಬ್ಬರು ಹಳಿಯ ಮೇಲೆ ನಡೆದು, ಸಡಿಲಾದ ಬೋಲ್ಟು, ಎದ್ದ ಮೊಳೆ, ಬಿರುಕು ನೋಡಿಕೊಂಡು ಬರಬೇಕು. ನಮ್ಮ ಊರಿನ ಮರದ ತೇರಿಗೆ ಹಬ್ಬಕ್ಕೆ ಮುಂಚೆ ಬಡಗಿ ಬಂದು ಕೈ ಹಾಕಿದ ಹಾಗೆ. ವರ್ಷಕ್ಕೊಂದು ಸಲ ಅಲ್ಲ, ದಿನಾ.

ಹಾಗಾದ್ರೆ ಉಳಿಸಿದ್ದು ಅಂತ ಯಾವುದಕ್ಕೆ ಹೇಳೋದು? ಕನೋಬೆಲ್ಸ್‌ನವರ ಮುಂದೆ ಈ ಪ್ರಶ್ನೆ ತಿರುಗಾಮುರುಗಾ ಆಗಿ ಮತ್ತೆ ಬಂತು. ಡೆನ್ವರ್‌ನ ಹಳೇ ಎಲಿಚ್ ಗಾರ್ಡನ್ಸ್ ಪಾರ್ಕಿನಲ್ಲಿ ಜಾನ್ ಆಲನ್ ವಿನ್ಯಾಸದ ‘ಮಿಸ್ಟರ್ ಟ್ವಿಸ್ಟರ್’ ಇತ್ತು. ಆ ಪಾರ್ಕ್ ಬೇರೆ ಜಾಗಕ್ಕೆ ಹೋದಾಗ ಕೋಸ್ಟರ್ ಅಲ್ಲೇ ಉಳಿಯಿತು. ಅದನ್ನೂ ಬಿಚ್ಚಿ ತರಬೇಕು ಅಂತ ಇವರು ಯೋಚಿಸಿದರು. ಆದರೆ ಪರಿಶೀಲಿಸಿ ನೋಡಿದರೆ ತರೋದು ಆಗುವ ಮಾತಾಗಿರಲಿಲ್ಲ. ಈ ಸಲ ನಕ್ಷೆ ಸಿಕ್ಕಿತು, ಮರ ಸಿಗಲಿಲ್ಲ. ಇವರು ನಕ್ಷೆ ಇಟ್ಟುಕೊಂಡು, ತಮ್ಮ ಜಾಗಕ್ಕೆ ಹೊಂದುವ ಹಾಗೆ ಬದಲಾಯಿಸಿ, ಹೊಸ ಮರದಲ್ಲಿ ಕಟ್ಟಿದರು. 1999ರಲ್ಲಿ ‘ಟ್ವಿಸ್ಟರ್’ ಓಡಿತು. ಒಂದೇ ಪಾರ್ಕಿನಲ್ಲಿ ಈಗ ಎರಡೂ ಇವೆ: ನಕ್ಷೆ ಇಲ್ಲದೆ ಮರ ತಂದು ಕಟ್ಟಿದ್ದು, ಮರ ಇಲ್ಲದೆ ನಕ್ಷೆ ತಂದು ಕಟ್ಟಿದ್ದು.

ಇನ್ನೂ ಒಂದು ಹೆಜ್ಜೆ ಮುಂದಿನ ಉದಾಹರಣೆ ಮೆಂಫಿಸ್‌ನ ‘ಝಿಪ್ಪಿನ್ ಪಿಪ್ಪಿನ್’. ಎಲ್ವಿಸ್ ಪ್ರೀಸ್ಲಿಗೆ ಅಚ್ಚುಮೆಚ್ಚು. ಸಾಯೋ ಕೆಲವು ದಿನ ಮುಂಚೆ, 1977ರ ಆಗಸ್ಟಿನಲ್ಲಿ, ಇಡೀ ಪಾರ್ಕ್ ಬಾಡಿಗೆಗೆ ತಗೊಂಡು ಕೂತಿದ್ದ. 2005ರಲ್ಲಿ ಆ ಪಾರ್ಕ್ ಮುಚ್ಚಿತು. ವಿಸ್ಕಾನ್ಸಿನ್‌ನ ಗ್ರೀನ್ ಬೇ ನಗರ ಆ ಕೋಸ್ಟರನ್ನು ಕೊಂಡು, ಬಹುಪಾಲು ಹೊಸ ಮರದಲ್ಲೇ ಮತ್ತೆ ಕಟ್ಟಿ 2011ರಲ್ಲಿ ತೆರೆಯಿತು. ಗ್ರೀನ್ ಬೇಯಲ್ಲಿ ಅದರಲ್ಲಿ ಕೂತವರು ಎಲ್ವಿಸ್ ಕೂತ ಕೋಸ್ಟರಿನಲ್ಲಿ ಕೂತರಾ, ಇಲ್ವಾ? ಅವನ ಹೊಟ್ಟೆಯಲ್ಲಿ ಎದ್ದ ಅದೇ ತಳಮಳ ಇವರಿಗೂ ಎದ್ದಿದ್ದರೆ, ಕೂತರು ಅಂತಲೇ ನನ್ನ ವಾದ.

ಮನೆಗಳ ವಿಷಯದಲ್ಲಿ ಈ ಕೆಲಸ ನಮ್ಮಲ್ಲೂ ನಡೆದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಬೇಕಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದವರಿಗೆ ಆ ಶ್ರಮ ಏನು ಅಂತ ಗೊತ್ತು. ಆದರೆ ಮನೆ ಸುಮ್ಮನೆ ನಿಂತಿದ್ದರೂ ಮನೆಯೇ. ನಿಂತ ಕೋಸ್ಟರ್ ಬರೀ ಸೌದೆ. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1902ರ ‘ಲೀಪ್ ದ ಡಿಪ್ಸ್’ ಇದೆ, ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಕೋಸ್ಟರ್. ಫೀನಿಕ್ಸ್ ಹಾರಿದ ಅದೇ 1985ರಲ್ಲಿ ಇದು ನಿಂತಿತು. 1996ರಲ್ಲಿ ರಾಷ್ಟ್ರೀಯ ಸ್ಮಾರಕ ಅನ್ನೋ ಪಟ್ಟ ಸಿಕ್ಕಿತು. ಪಟ್ಟ ಸಿಕ್ಕ ಮೇಲೂ ಅದು ಮತ್ತೆ ಓಡೋಕೆ ಮೂರು ವರ್ಷ ಬೇಕಾಯಿತು. ಫಲಕ ಹಾಕಿದರೆ ಗಾಡಿ ಓಡಲ್ಲ, ಸುತ್ತಿಗೆ ಹಿಡಿದವರು ಬೇಕು.

ಸ್ಥಳಾಂತರ ಮಾಡಿದರೆ ಎಲ್ಲ ಸುಖಾಂತ್ಯ ಅಂತಲೂ ಅಲ್ಲ. ಮ್ಯಾಸಚೂಸೆಟ್ಸ್‌ನ ಹಲ್ ಎಂಬ ಕಡಲೂರಿನ ಪ್ಯಾರಗನ್ ಪಾರ್ಕಿನಲ್ಲಿ 1917ರಲ್ಲಿ ಜಾನ್ ಮಿಲ್ಲರ್ ವಿನ್ಯಾಸದ ‘ಜೈಂಟ್ ಕೋಸ್ಟರ್’ ಬಂತು. ಎರಡು ಸಲ ಬೆಂಕಿಗೆ ಸಿಕ್ಕಿ ಉಳಿಯಿತು. 1984ರ ನಂತರ ಪಾರ್ಕ್ ಮುಚ್ಚಿತು, ಹರಾಜಾಯಿತು. ಊರಿನವರು ಅಲ್ಲಿನ 1928ರ ಮರದ ಕುದುರೆಗಳ ಕರೋಸೆಲ್ ಉಳಿಸಿಕೊಂಡರು. ಕೋಸ್ಟರನ್ನು ಮೇರಿಲ್ಯಾಂಡಿನ ಒಂದು ಪಾರ್ಕ್ ಕೊಂಡೊಯ್ದಿತು. 1986ರಿಂದ ಅದರ ಹೆಸರು ‘ವೈಲ್ಡ್ ಒನ್’. ಪಾರ್ಕಿನ ಹೆಸರು ಎರಡು ಸಲ ಬದಲಾಗಿ ಕೊನೆಗೆ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಆಯಿತು. ದೊಡ್ಡ ಕಂಪನಿ, ದೊಡ್ಡ ಲೆಕ್ಕ. 2025ರ ನವೆಂಬರ್ 2ರಂದು ಆ ಪಾರ್ಕೂ ಮುಚ್ಚಿತು. 108 ವರ್ಷದ ಕೋಸ್ಟರ್ ಎರಡನೇ ಸಲ ಮನೆ ಕಳೆದುಕೊಂಡಿತು.

ಎರಡು ಕೋಸ್ಟರುಗಳು, ಒಂದು ವರ್ಷದ ಅಂತರದಲ್ಲಿ, ಒಂದೇ ಥರ ಬಿಚ್ಚಿಸಿಕೊಂಡು ಹೋದವು. ಕಟ್ಟಿದವರ ಕೈಚಳಕದಲ್ಲಿ ಕೊರತೆ ಇರಲಿಲ್ಲ, ಎರಡೂ ದಶಕಗಟ್ಟಲೆ ಓಡಿದವು. ವ್ಯತ್ಯಾಸ ಆಗಿದ್ದು ಹೋಗಿ ಸೇರಿದ ಮನೆಯಲ್ಲಿ. ಒಂದು ಕಡೆ ಕೋಸ್ಟರ್ ಕುಟುಂಬದ ಹೆಮ್ಮೆ, ಇನ್ನೊಂದು ಕಡೆ ಬ್ಯಾಲೆನ್ಸ್ ಶೀಟಿನ ಒಂದು ಸಾಲು. ಬಿಚ್ಚಿ ತರೋದು ಒಂದು ಚಳಿಗಾಲದ ಕೆಲಸ. ಅದಾದ ಮೇಲೆ ಯಾರು, ಎಷ್ಟು ವರ್ಷ, ದಿನಾ ಬೆಳಿಗ್ಗೆ ಆ ಹಳಿ ನಡೆಯುತ್ತಾರೆ ಅನ್ನೋದರ ಮೇಲೆ ಉಳಿಯೋದು ನಿಂತಿದೆ.

ಸ್ಯಾನ್ ಆಂಟೋನಿಯೋದಲ್ಲಿ ರಾಕೆಟ್ ಓಡಿದ್ದು ಮೂವತ್ತು ಚಿಲ್ಲರೆ ವರ್ಷ. ಎಲಿಸ್‌ಬರ್ಗ್‌ನಲ್ಲಿ ಅದು ಓಡಲು ಶುರುವಾಗಿ ಆಗಲೇ ನಲವತ್ತು ವರ್ಷ ದಾಟಿದೆ. ಅದು ಬೇರೆ ಊರಿನಿಂದ ಬಂದಿದ್ದು ಅಂತ ಅಲ್ಲಿ ಬೆಳೆದ ಮಕ್ಕಳಿಗೆ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತೆ.