ಅಂಕಿ ಬಂದದ್ದೆಲ್ಲಿಂದ?

ಒಂದು ದೇಶದ ಸರ್ಕಾರ ಎಷ್ಟು ಸಾಲ ಮಾಡಬಹುದು? 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅಮೆರಿಕದ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಈ ಹಳೆಯ ಪ್ರಶ್ನೆಗೆ ಅಂಕಿ-ಅಂಶಗಳಲ್ಲಿ ಉತ್ತರ ಹುಡುಕಿದರು. ಇಪ್ಪತ್ತು ಮುಂದುವರಿದ ದೇಶಗಳ ಮಹಾಯುದ್ಧಾನಂತರದ ಲೆಕ್ಕ ತೆಗೆದು, ಸಾಲವು ರಾಷ್ಟ್ರೀಯ ಉತ್ಪನ್ನದ ಶೇ 90ನ್ನು ದಾಟಿದ ಕಡೆಗಳಲ್ಲಿ ಆರ್ಥಿಕತೆ ಬೆಳೆಯುವ ಬದಲು ಸರಾಸರಿ ಶೇ 0.1ರಷ್ಟು ಕುಗ್ಗಿದೆ ಎಂದು ತೋರಿಸಿದರು. ಯೂರೋಪು ಆಗ ಸಾಲದ ಬಿಕ್ಕಟ್ಟಿನಲ್ಲಿತ್ತು. ಪಿಂಚಣಿ, ಸಂಬಳ ಹಾಗೂ ಸಾರ್ವಜನಿಕ ವೆಚ್ಚಗಳಿಗೆ ಕತ್ತರಿ ಹಾಕಲೇಬೇಕು ಎನ್ನುತ್ತಿದ್ದ ರಾಜಕಾರಣಿಗಳಿಗೆ ಈ ಒಂದು ಅಂಕಿ ದೊಡ್ಡ ಆಸರೆಯಾಯಿತು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಶಾಖೆಯಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಇದೇ ಲೆಕ್ಕವನ್ನು ಮತ್ತೆ ಮಾಡಲು ಕುಳಿತ. ಎಷ್ಟು ಸಲ ಮಾಡಿದರೂ ಉತ್ತರ ತಾಳೆಯಾಗಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಕೇಳಿದಾಗ ಅವರು ತಾವು ಬಳಸಿದ ಎಕ್ಸೆಲ್ ಕೋಷ್ಟಕವನ್ನು ಕಳುಹಿಸಿಕೊಟ್ಟರು. ಸರಾಸರಿ ಬರೆದಿದ್ದ ಮನೆಯ ಮೇಲೆ ಒತ್ತಿ ನೋಡಿದರೆ, ಅದರ ಹಿಂದಿನ ಸೂತ್ರ 30ರಿಂದ 44ನೆಯ ಸಾಲಿನವರೆಗಷ್ಟೇ ಹೋಗಿ ನಿಂತಿತ್ತು. ಹೋಗಬೇಕಾಗಿದ್ದುದು 49ರವರೆಗೆ. ಕೊನೆಯ ಐದು ಸಾಲುಗಳಲ್ಲಿದ್ದ ಡೆನ್ಮಾರ್ಕ್, ಕೆನಡಾ, ಬೆಲ್ಜಿಯಂ, ಆಸ್ಟ್ರಿಯಾ ಮತ್ತು ಆಸ್ಟ್ರೇಲಿಯಾ ಲೆಕ್ಕಕ್ಕೇ ಬಂದಿರಲಿಲ್ಲ.

ಹರ್ನ್‌ಡನ್ ತನ್ನ ಅಧ್ಯಾಪಕರಾದ ಮೈಕೆಲ್ ಆ್ಯಶ್ ಮತ್ತು ರಾಬರ್ಟ್ ಪಾಲಿನ್ ಅವರೊಡನೆ 2013ರ ಏಪ್ರಿಲ್‌ನಲ್ಲಿ ಈ ವಿಷಯವನ್ನು ಬಹಿರಂಗಪಡಿಸಿದ. ನಿಜ ಹೇಳಬೇಕೆಂದರೆ ಬಿಟ್ಟುಹೋದ ಐದು ಸಾಲುಗಳಿಂದಾದ ವ್ಯತ್ಯಾಸ ಚಿಕ್ಕದು. ದೊಡ್ಡ ಅಂತರ ಬಂದದ್ದು ಬೇರೆ ಎರಡು ಕಾರಣಗಳಿಂದ. ಕೆಲವು ದೇಶಗಳ ಕೆಲವು ವರ್ಷಗಳನ್ನು ಕೈಬಿಡಲಾಗಿತ್ತು. ಬ್ರಿಟನ್ನಿನ ಹತ್ತೊಂಬತ್ತು ವರ್ಷಗಳ ಅನುಭವಕ್ಕೂ ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೂ ಸಮಾನ ತೂಕ ಕೊಡಲಾಗಿತ್ತು. ಎಲ್ಲವನ್ನೂ ಸರಿಪಡಿಸಿದಾಗ ಶೇ 0.1ರ ಕುಸಿತದ ಜಾಗದಲ್ಲಿ ಶೇ 2.2ರ ಬೆಳವಣಿಗೆ ಕಾಣಿಸಿತು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು. ಸಾಲ ಹೆಚ್ಚಿದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ ಎಂಬ ಒಟ್ಟು ನಿಲುವನ್ನು ಮಾತ್ರ ಬಿಡಲಿಲ್ಲ.

ಯಾರ ವಾದ ಸರಿ ಎಂಬ ಚರ್ಚೆ ಅರ್ಥಶಾಸ್ತ್ರಜ್ಞರಿಗಿರಲಿ. ಇಲ್ಲಿ ಗಮನಿಸಬೇಕಾದುದು ಬೇರೊಂದು ಸಂಗತಿ. ಮೂರು ವರ್ಷ ಪ್ರಪಂಚವೆಲ್ಲ ಉದಾಹರಿಸಿದ ಅಂಕಿಯ ದೋಷ ಬಯಲಾದದ್ದು, ಅದರ ಮೂಲ ಕೋಷ್ಟಕ ಮತ್ತೊಬ್ಬರ ಕಣ್ಣಿಗೆ ಬಿದ್ದಾಗ. ಕೇಳಿದವರಿಗೆ ಅದನ್ನು ಕೊಟ್ಟರೆಂಬುದು ಆ ಲೇಖಕರ ಹಿರಿಮೆಯೂ ಹೌದು.

ಅಗಲವಾದ ಹಾಳೆ

ಇಂಗ್ಲಿಷಿನಲ್ಲಿ ‘ಸ್ಪ್ರೆಡ್‌ಶೀಟ್’ ಎಂಬ ಮಾತು ಗಣಕಯಂತ್ರಕ್ಕಿಂತ ಹಳೆಯದು. ಲೆಕ್ಕಪತ್ರದವರು ದಪ್ಪ ಪುಸ್ತಕದ ಎದುರು ಬದುರು ಎರಡು ಪುಟಗಳ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದು ಹರಡಿಕೊಳ್ಳುತ್ತಿದ್ದ ಅಗಲವಾದ ಹಾಳೆಗೆ ಆ ಹೆಸರಿತ್ತು. ಅದರಲ್ಲಿ ಒಂದು ಅಂಕಿ ಬದಲಾದರೆ ಅದನ್ನು ನೆಚ್ಚಿಕೊಂಡ ಮೊತ್ತಗಳನ್ನೆಲ್ಲ ರಬ್ಬರಿನಿಂದ ಅಳಿಸಿ ಮತ್ತೆ ಬರೆಯಬೇಕು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ ಈ ಹಾಳೆಯೇ ಪರದೆಯ ಮೇಲೆ ಬಂದು, ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುವಂತಾದರೆ ಹೇಗೆ ಎಂಬ ಯೋಚನೆ ಬಂತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅದಕ್ಕೆ ಪ್ರೋಗ್ರಾಂ ಬರೆದರು. 1979ರಲ್ಲಿ ಆ್ಯಪಲ್-2 ಗಣಕಕ್ಕೆಂದು ಮಾರಾಟಕ್ಕೆ ಬಂದ ವಿಸಿಕ್ಯಾಲ್ಕ್‌ನಲ್ಲಿ ಇದ್ದದ್ದು 254 ಅಡ್ಡಸಾಲು, 63 ಕಂಬಸಾಲು. ಈ ಒಂದು ತಂತ್ರಾಂಶಕ್ಕಾಗಿಯೇ ಅನೇಕರು ಗಣಕಯಂತ್ರ ಕೊಂಡರು. 1983ರಲ್ಲಿ ಲೋಟಸ್ 1-2-3 ಬಂತು. 1985ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸೆಲ್ ಬಂತು.

ಕಾಗದದ ಹಾಳೆಗೂ ಪರದೆಯ ಹಾಳೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾಗದದ ಮೇಲಿನ ಮನೆಯಲ್ಲಿ ಇರುವುದು ಒಂದು ಅಂಕಿ, ಅಷ್ಟೇ. ಪರದೆಯ ಮನೆಯಲ್ಲಿ ಎರಡು ಪದರಗಳಿರುತ್ತವೆ. ಮೇಲೆ ಕಾಣುವುದು ಉತ್ತರ, ಅದರಡಿ ಅಡಗಿರುವುದು ಸೂತ್ರ. ಮುದ್ರಿಸಿ ಹಂಚಿದಾಗ ಮೇಲಿನ ಪದರವಷ್ಟೇ ಜನರ ಕೈ ಸೇರುತ್ತದೆ. ಇನ್ನೊಂದು ವ್ಯತ್ಯಾಸ ಅಳಿಸುವುದಕ್ಕೆ ಸಂಬಂಧಿಸಿದ್ದು. ಲೆಕ್ಕದ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದ ಅಂಕಿಯನ್ನು ತಿದ್ದಬೇಕಾದರೆ ಅದರ ಮೇಲೊಂದು ಗೆರೆ ಎಳೆದು, ಹಳೆಯದು ಓದಲು ಬರುವಂತೆಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದು ಚಿಕ್ಕ ಸಹಿ ಹಾಕುವುದು ಪದ್ಧತಿ. ಪರದೆಯ ಮೇಲಾದರೋ ಹಳೆಯ ಅಂಕಿ ಸುಳಿವೇ ಇಲ್ಲದೆ ಮಾಯವಾಗುತ್ತದೆ.

ಯಂತ್ರವೇ ತಿದ್ದಿದಾಗ

ಮನುಷ್ಯರು ತಿದ್ದಿದರೆ ಸರಿ, ಕೆಲವೊಮ್ಮೆ ತಂತ್ರಾಂಶ ತಾನಾಗಿ ತಿದ್ದುವುದೂ ಉಂಟು. ಮನುಷ್ಯರ ವಂಶವಾಹಿಗಳಲ್ಲಿ ಒಂದಕ್ಕೆ ಮಾರ್ಚ್1, ಇನ್ನೊಂದಕ್ಕೆ ಸೆಪ್ಟ್1 ಎಂಬ ಸಂಕೇತ ಹೆಸರುಗಳಿದ್ದವು. ಎಕ್ಸೆಲ್ ಇವನ್ನು ತಾರೀಕುಗಳೆಂದು ತಿಳಿದು ಹಾಗೆಯೇ ಬದಲಿಸಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಹೊಕ್ಕಿದೆಯೆಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಸೋತದ್ದು ವಿಜ್ಞಾನಿಗಳೇ! ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರ ಹೊತ್ತಿಗೆ ಅವುಗಳ ಹೆಸರನ್ನೇ ಬದಲಿಸಿತು. ಬೇಡವಾದವರು ಈ ತಾನಾಗಿ ತಿದ್ದುವ ಚಾಳಿಯನ್ನು ನಿಲ್ಲಿಸಿಕೊಳ್ಳುವ ಅನುಕೂಲ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ಅದೇ 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದು ನಗುವ ಸಂಗತಿಯಲ್ಲ. ಕೊರೊನಾ ಪರೀಕ್ಷೆಗಳ ಫಲಿತಾಂಶ ಪ್ರಯೋಗಾಲಯಗಳಿಂದ ಕಡತಗಳಾಗಿ ಬರುತ್ತಿತ್ತು. ಆರೋಗ್ಯ ಸಂಸ್ಥೆ ಅವನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕೋಷ್ಟಕಕ್ಕೆ ಸೇರಿಸಿಕೊಳ್ಳುತ್ತಿತ್ತು. ಆ ಮಾದರಿಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಒಬ್ಬೊಬ್ಬ ರೋಗಿಗೆ ಹಲವು ಸಾಲು ಬೇಕಾಗಿದ್ದುದರಿಂದ ಹಾಳೆ ಬೇಗ ತುಂಬಿತು. ಹೆಚ್ಚಾದದ್ದು ಸದ್ದಿಲ್ಲದೆ ಹೊರಗುಳಿಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದಿನದ ಲೆಕ್ಕದಿಂದ ಬಿಟ್ಟುಹೋದರು. ಫಲಿತಾಂಶವೇನೋ ಅವರವರಿಗೆ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ದಿನಗಟ್ಟಲೆ ತಡವಾಯಿತು. ಮೂಲ ಕಡತದಲ್ಲಿ ಎಷ್ಟು ಸಾಲಿದ್ದವು, ಕೋಷ್ಟಕಕ್ಕೆ ಎಷ್ಟು ಬಂದವು ಎಂದು ಹೋಲಿಸಿ ನೋಡಿದ್ದರೆ ಕೊರತೆ ಮೊದಲ ದಿನವೇ ತಿಳಿಯುತ್ತಿತ್ತು.

ನೋಡುವ ಹಕ್ಕು, ತಿದ್ದುವ ಹಕ್ಕು

ಇಂಥ ತೊಂದರೆಗಳಿಗೆ ಮದ್ದು ಸ್ಪ್ರೆಡ್‌ಶೀಟ್ ಹುಟ್ಟುವ ಮೊದಲೇ ಇನ್ನೊಂದು ಕಡೆ ರೂಪುಗೊಂಡಿತ್ತು. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬ ಗಣಿತಜ್ಞ, ದೊಡ್ಡ ಪ್ರಮಾಣದ ಮಾಹಿತಿಯನ್ನೆಲ್ಲ ಒಂದಕ್ಕೊಂದು ಸಂಬಂಧವಿರುವ ಕೋಷ್ಟಕಗಳಾಗಿ ಇಡಬಹುದೆಂಬ ಸಿದ್ಧಾಂತ ಮಂಡಿಸಿದರು. ಅದರ ಆಧಾರದ ಮೇಲೆ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ಎಸ್‌ಕ್ಯುಎಲ್ ಎಂದು ಹೆಸರಾಯಿತು. ಬ್ಯಾಂಕು, ರೈಲ್ವೆ, ವಿಮೆಗಳ ದತ್ತಾಂಶಗಳೆಲ್ಲ ಇಂದು ಹೆಚ್ಚಾಗಿ ನಡೆಯುವುದು ಇದರ ಮೇಲೆ. ಈ ಭಾಷೆಯಲ್ಲಿ ಕೋಷ್ಟಕವನ್ನು ಓದುವ ಅಪ್ಪಣೆ ಬೇರೆ, ತಿದ್ದುವ ಅಪ್ಪಣೆ ಬೇರೆ. ಮೂಲವನ್ನು ಮುಟ್ಟದೆ ಅದರ ಬೇಕಾದ ಭಾಗವನ್ನಷ್ಟೇ ತೋರಿಸುವ ‘ನೋಟ’ಗಳನ್ನೂ ಕಟ್ಟಬಹುದು. ಬ್ಯಾಂಕಿನ ಗ್ರಾಹಕನಿಗೆ ತನ್ನ ಖಾತೆ ಕಾಣುತ್ತದೆ, ಶಿಲ್ಕನ್ನು ತಿದ್ದಲು ಬಾರದು.

ಈಗ ಕಚೇರಿಗಳಲ್ಲಿ ಬಳಕೆಯಲ್ಲಿರುವ ವಿಶ್ಲೇಷಣಾ ತಂತ್ರಾಂಶಗಳು ಈ ಎರಡು ದಾರಿಗಳ ಸಂಗಮ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಟ್ಯಾಬ್ಲೋ, 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪವರ್ ಬಿಐ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲಸ ಶುರುವಾಗುವುದು ಮೂಲವನ್ನು ತೋರಿಸುವುದರಿಂದ: ಇಂಥ ಕಡತ, ಇಂಥ ದತ್ತಸಂಚಯದ ಇಂಥ ಕೋಷ್ಟಕ ಎಂದು. ಅನಂತರ ಕಂಬಸಾಲಿನ ಹೆಸರು ಬದಲಿಸಬಹುದು, ಬೇಡದ್ದನ್ನು ಮರೆಮಾಡಬಹುದು, ತಾರೀಕನ್ನು ತಾರೀಕಾಗಿ, ಅಂಕಿಯನ್ನು ಅಂಕಿಯಾಗಿ ಗುರುತಿಸಬಹುದು. ಇಷ್ಟೆಲ್ಲ ಮಾಡಿದರೂ ಸಾಮಾನ್ಯವಾಗಿ ಮೂಲ ಕೋಷ್ಟಕ ಇದ್ದಂತೆಯೇ ಇರುತ್ತದೆ. ಪವರ್ ಬಿಐನಲ್ಲಂತೂ ಮಾಡಿದ ಪ್ರತಿಯೊಂದು ಬದಲಾವಣೆಯೂ ಹಂತ ಹಂತವಾಗಿ ಪಕ್ಕದಲ್ಲಿ ಪಟ್ಟಿಯಾಗುತ್ತದೆ. ಯಾವ ಹಂತದ ಮೇಲೆ ಒತ್ತಿದರೂ ಆಗ ಕೋಷ್ಟಕ ಹೇಗಿತ್ತೆಂದು ಕಾಣುತ್ತದೆ. ಗೆರೆ ಎಳೆದು ಸಹಿ ಹಾಕುವ ಹಳೆಯ ಗುಮಾಸ್ತರ ಪದ್ಧತಿ ಹೊಸ ವೇಷದಲ್ಲಿ ಮರಳಿ ಬಂದಿದೆ ಎನ್ನಬಹುದು.

ಆದರೂ ಎಚ್ಚರ ತಪ್ಪುವಂತಿಲ್ಲ. ವೇಗಕ್ಕಾಗಿ ಮೂಲದ ನಕಲೊಂದನ್ನು ತೆಗೆದಿಟ್ಟುಕೊಂಡು ಕೆಲಸ ಮಾಡುವ ರೂಢಿಯಿದೆ. ಆ ನಕಲನ್ನು ಹೊಸದಾಗಿಸದಿದ್ದರೆ ಪರದೆಯ ಮೇಲಿನ ಸುಂದರ ನಕ್ಷೆ ಕಳೆದ ತಿಂಗಳ ಕಥೆಯನ್ನೇ ಹೇಳುತ್ತಿರುತ್ತದೆ. ಮೂಲದ ವಿಳಾಸವನ್ನು ಬದಲಿಸುವುದೂ ಸುಲಭ. ಕಂಬಸಾಲುಗಳ ಹೆಸರು ಒಂದೇ ಆಗಿದ್ದರೆ, ಈ ವರ್ಷದ ಕಡತದ ಬದಲು ಹೋದ ವರ್ಷದ್ದನ್ನು ತೋರಿಸಿದರೂ ತಂತ್ರಾಂಶ ಚಕಾರವೆತ್ತದೆ ನಕ್ಷೆ ಬಿಡಿಸಿಕೊಡುತ್ತದೆ.

ಕಡತದಿಂದ ಪಹಣಿಗೆ

ತಿದ್ದಬಲ್ಲ ದಾಖಲೆಯ ಸಮಸ್ಯೆ ಕನ್ನಡನಾಡಿಗೆ ಹೊಸದಲ್ಲ. ಇಂದು ಫೈಲಿಗೆ ಹೇಳುವ ‘ಕಡತ’ ಎಂಬ ಹೆಸರು ಹಿಂದೆ ಒಂದು ಬಗೆಯ ಬಟ್ಟೆ ಪುಸ್ತಕದ್ದಾಗಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿದ್ದುದೇ ಅದರ ಅನುಕೂಲ, ಅದೇ ಅದರ ಅಪಾಯ. ಶಾನುಭೋಗರ ಲೆಕ್ಕವನ್ನು ರೈತ ನಂಬಬೇಕಾಗಿತ್ತು, ಏಕೆಂದರೆ ಅದು ಇರುತ್ತಿದ್ದುದು ಅವರ ಬಳಿ.

ಇದೇ ಪ್ರಶ್ನೆಯನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಎದುರಿಸಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಶುಲ್ಕ ಕೊಟ್ಟು ಯಾರು ಬೇಕಾದರೂ ಪಹಣಿ ಪಡೆಯುವಂತಾಯಿತು. ತಿದ್ದುವ ಅಧಿಕಾರ ಮಾತ್ರ ಗೊತ್ತಾದ ಅಧಿಕಾರಿಗಳಿಗೆ, ಅದೂ ಬೆರಳಚ್ಚು ಕೊಟ್ಟ ಮೇಲೆ. ನೋಡುವ ಬಾಗಿಲು ಎಲ್ಲರಿಗೂ ತೆರೆದಿರಲಿ, ತಿದ್ದುವ ಬಾಗಿಲಲ್ಲಿ ಹೆಸರು ದಾಖಲಾಗಲಿ ಎಂಬುದು ಇದರ ತತ್ವ. ಹಾಗೆಂದು ಯಂತ್ರಕ್ಕೆ ಏರಿದ್ದೆಲ್ಲ ಸತ್ಯವಾಗುವುದಿಲ್ಲ. ಕೈಬರಹದ ಪಹಣಿಯಲ್ಲಿ ತಪ್ಪಾಗಿದ್ದ ಹೆಸರು ಅಚ್ಚುಕಟ್ಟಾಗಿ ಮುದ್ರಿತವಾಗಿ ಬಂದರೂ ತಪ್ಪೇ. ಅದನ್ನು ಸರಿಪಡಿಸಲು ಅಲೆಯಬೇಕಾದವನು ರೈತನೇ.

ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಸರ್ಕಾರದ ಜಾಹೀರಾತಿನಲ್ಲಿ ದಿನವೂ ಅಂಕಿಗಳು ಬರುತ್ತವೆ, ಬಣ್ಣದ ಕಂಬಗಳಾಗಿ, ಏರಿಳಿಯುವ ಗೆರೆಗಳಾಗಿ. ಇದು ಯಾವ ಕೋಷ್ಟಕದಿಂದ ಬಂತು, ಅದರಲ್ಲಿ ಎಷ್ಟು ಸಾಲುಗಳಿದ್ದವು, ಯಾರು ಯಾವಾಗ ತಿದ್ದಿದರು ಎಂದು ಕೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಹರ್ನ್‌ಡನ್ ಕೇಳಿದ್ದೂ ಅಷ್ಟೇ. ಐದು ದೇಶಗಳು ಆ ಕೋಷ್ಟಕದಲ್ಲಿ ಮೂರು ವರ್ಷದಿಂದ ಕುಳಿತೇ ಇದ್ದವು. ಆ ಹಾಳೆಯನ್ನು ಬಿಡಿಸಿ ನೋಡುವವರೊಬ್ಬರು ಬೇಕಾಗಿತ್ತು.